ಅಜ್ಜನ ದಮ್ಮು, ಮೊಮ್ಮಗನ ಉಬ್ಬಸ

ಮಗುವಿಗೆ ಉಬ್ಬಸ ಎಂದು ಗೊತ್ತಾದ ಕೂಡಲೇ ಮನೆಯ ಹಿರಿಯರು ತಡಕುವುದು ವಂಶದ ಬೇರನ್ನು: ಇದು ತಾಯಿಯ ಕಡೆಯದೋ, ತಂದೆಯ ಕಡೆಯದೋ? (ತಪ್ಪೆಲ್ಲ ಸೊಸೆಯ ತವರಿನ ತಲೆಗೆ ಸುತ್ತಿಕೊಳ್ಳುವುದೇ ಹೆಚ್ಚು, ಅದಿರಲಿ.) ಈ ಹುಡುಕಾಟದಲ್ಲಿ ಹುರುಳಿಲ್ಲದೆ ಇಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಅಸ್ತಮಾ ಇದ್ದರೆ ಇನ್ನೊಬ್ಬರಿಗೂ ಇರುವ ಸಂಭವ, ಬೇರೆ ಬಗೆಯ ಅವಳಿಗಳಿಗಿಂತ ಹೆಚ್ಚು. ಆದರೆ ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವಿಟ್ಟಾಗ, 1979ರಲ್ಲಿ ಶೇ 9ರಷ್ಟಿದ್ದ ಅಸ್ತಮಾ 1999ಕ್ಕೆ ಶೇ 29.5 ಮುಟ್ಟಿತ್ತು. ಆಸ್ಪತ್ರೆಯ ಲೆಕ್ಕ ಊರಿನ ಲೆಕ್ಕವಲ್ಲ. ರೋಗವನ್ನು ಗುರುತಿಸುವ ಕಣ್ಣೂ ಅಷ್ಟರಲ್ಲಿ ಚುರುಕಾಗಿರಬಹುದು. ಇದನ್ನೆಲ್ಲ ಕಳೆದರೂ ಏರಿಕೆಯಲ್ಲಿ ಒಂದು ಪಾಲು ಉಳಿದರೆ, ಅದಕ್ಕೆ ರಕ್ತಸಂಬಂಧವನ್ನು ದೂರುವಂತಿಲ್ಲ. ಇಪ್ಪತ್ತು ವರ್ಷದಲ್ಲಿ ಬದಲಾಗುವುದು ಊರಿನ ಗಾಳಿ, ಮನೆ, ಬದುಕಿನ ರೀತಿ, ವಂಶವಾಹಿಗಳಲ್ಲ.

ಹಾಗೆಂದು ವಂಶವಾಹಿಯನ್ನು ಪಕ್ಕಕ್ಕೆ ಸರಿಸಿದರೆ ಅದು ಹೇಳುವ ಸೊಗಸಾದ ಕಥೆಯೊಂದು ತಪ್ಪಿಹೋಗುತ್ತದೆ. 2007ರಲ್ಲಿ ಸಂಶೋಧಕರಾದ ಮಿರಿಯಂ ಮೊಫಟ್, ವಿಲಿಯಂ ಕುಕ್ಸನ್ ಮತ್ತು ಸಂಗಡಿಗರು ಬಾಲ್ಯದಲ್ಲೇ ಅಸ್ತಮಾ ಶುರುವಾದ 994 ಮಂದಿಯನ್ನು ಅಸ್ತಮಾ ಇಲ್ಲದವರೊಂದಿಗೆ ಹೋಲಿಸಿ, 17ನೇ ವರ್ಣತಂತುವಿನ ಒಂದು ತುಣುಕಿನ ಮೇಲೆ ಬೆರಳಿಟ್ಟರು. ಅಲ್ಲಿನ ಓಆರ್‌ಎಂಡಿಎಲ್3 ಎಂಬ ವಂಶವಾಹಿ ಆ ತುಣುಕಿನ ಅಪಾಯ ಹೆಚ್ಚಿಸುವ ರೂಪ ಹೊತ್ತವರಲ್ಲಿ ಹೆಚ್ಚು ಸಕ್ರಿಯವಾಗಿತ್ತು. ‘ಅಸ್ತಮಾದ ಜೀನ್ ಸಿಕ್ಕಿತು’ ಎಂದು ಡಂಗುರ ಸಾರಲು ಇಷ್ಟು ಸಾಕಾಗಿತ್ತು. ಆದರೆ ಮುಂದಿನ ಅಧ್ಯಯನಗಳು ಆ ಮಾತನ್ನು ತಿದ್ದಿದವು. ಈ ತುಣುಕಿನ ಪ್ರಭಾವ ಎದ್ದು ಕಂಡದ್ದು ಎಳವೆಯಲ್ಲಿ ಬೀಡಿ-ಸಿಗರೇಟಿನ ಹೊಗೆ ಕುಡಿದ ಮಕ್ಕಳಲ್ಲಿ, ನೆಗಡಿಯ ರೈನೋವೈರಸ್ ತಗುಲಿ ಎದೆ ಗೊರಗೊರ ಎಂದ ಮಕ್ಕಳಲ್ಲಿ. ಇನ್ನೂ ಬೆರಗಿನ ಸಂಗತಿ ಯೂರೋಪಿನ ಹಳ್ಳಿಗಳಿಂದ ಬಂತು. ದನದ ಕೊಟ್ಟಿಗೆಯ ಒಡನಾಟದಲ್ಲಿ ಬೆಳೆದ ಮಕ್ಕಳಿಗೆ ಉಬ್ಬಸ ಕಡಿಮೆ. ಅಲ್ಲಿಯೂ ಹೆಚ್ಚು ರಕ್ಷಣೆ ಪಡೆದವರು ಈ ‘ಕೆಟ್ಟ’ ರೂಪವನ್ನು ಹೊತ್ತ ಮಕ್ಕಳೇ! ಹೊಗೆಯನ್ನು ತೀವ್ರವಾಗಿ ಕೇಳಿಸಿಕೊಳ್ಳುವ ಕಿವಿಯೇ ಕೊಟ್ಟಿಗೆಯನ್ನೂ ಕೇಳಿಸಿಕೊಳ್ಳುತ್ತದೆ. ಹಾಗಾದರೆ ಅದನ್ನು ರೋಗದ ವಂಶವಾಹಿ ಎನ್ನುವುದಕ್ಕಿಂತ, ಪರಿಸರಕ್ಕೆ ಬೇಗ ಸ್ಪಂದಿಸುವ ವಂಶವಾಹಿ ಎನ್ನುವುದು ನನಗೆ ಹೆಚ್ಚು ಸರಿ ಕಾಣುತ್ತದೆ.

ಗಾಳಿ, ಹೊಗೆಯೇ ಮುಖ್ಯವಾದರೆ ಇಷ್ಟೆಲ್ಲ ವಂಶವಾಹಿ ಸಂಶೋಧನೆ ಯಾಕೆ ಎಂದು ಕೇಳಬಹುದು. ಹೊಗೆ ಒಳಗೆ ಹೋಗಿ ಯಾವ ಬಾಗಿಲು ತಟ್ಟುತ್ತದೆ ಎಂಬುದನ್ನು ಹೊಗೆಯೇ ಹೇಳುವುದಿಲ್ಲ. ದೊಡ್ಡ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಐಎಲ್33, ಟಿಎಸ್‌ಎಲ್‌ಪಿ ಎಂಬ ವಂಶವಾಹಿಗಳ ಪ್ರೋಟೀನುಗಳೆರಡೂ ಶ್ವಾಸನಾಳದ ಒಳಪದರ ಅಪಾಯ ಕಂಡಾಗ ಹೊರಡಿಸುವ ಕೂಗು. ಅಸ್ತಮಾ ಅಲರ್ಜಿಯಷ್ಟೇ ಅಲ್ಲ, ಆ ಪದರದ ಕಾವಲಿನ ತೊಂದರೆಯೂ ಹೌದು ಎಂಬ ತಿಳಿವಳಿಕೆ ಇದರಿಂದ ಗಟ್ಟಿಯಾಯಿತು. ಟಿಎಸ್‌ಎಲ್‌ಪಿಯ ಬಾಯಿ ಕಟ್ಟುವ ಟೆಜೆಪೆಲುಮ್ಯಾಬ್ ಎಂಬ ಚುಚ್ಚುಮದ್ದಿಗೆ 2021ರಲ್ಲಿ ಅಮೆರಿಕದಲ್ಲಿ ತೀವ್ರ ಅಸ್ತಮಾಕ್ಕಾಗಿ ಒಪ್ಪಿಗೆ ಸಿಕ್ಕಿತು. ಅದರ ಶ್ರೇಯವೆಲ್ಲ ವಂಶವಾಹಿ ಶಾಸ್ತ್ರದ್ದಲ್ಲ. ಪ್ರಯೋಗಾಲಯದ ದುಡಿಮೆ ಅದಕ್ಕೂ ಹಳೆಯದು.

ಇನ್ನು ಎಂಜಲಿನಲ್ಲಿ ವಂಶವಾಹಿ ಪರೀಕ್ಷಿಸಿ ಮಗುವಿನ ಭವಿಷ್ಯ ಹೇಳುವ ಆಸೆ. ಅಪಾಯದ ಆ ರೂಪಗಳು ಉಬ್ಬಸದ ಸುಳಿವೇ ಇಲ್ಲದ ಅಸಂಖ್ಯ ಜನರಲ್ಲೂ ಇವೆ, ಒಂದೊಂದೂ ಕೂಡಿಸುವ ಅಪಾಯ ಚೂರುಪಾರು. ‘ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ, ಒಳಗೆ ಯಾರಾದರೂ ಸಿಗರೇಟು ಸೇದುತ್ತಾರೆಯೇ?’ ಎಂದು ವೈದ್ಯರು ಕೇಳುವ ಪುಕ್ಕಟೆ ಪ್ರಶ್ನೆಗಳಿಗೆ ಸದ್ಯಕ್ಕೆ ಅಂಥ ಪರೀಕ್ಷೆ ಸಾಟಿಯಾಗಿಲ್ಲ.