ಎಂಟನೇ ಸರ್ವರ್ ಮರೆತುಹೋದಾಗ

2012ರ ಆಗಸ್ಟ್ 1ರ ಬೆಳಿಗ್ಗೆ 9.30ಕ್ಕೆ ನ್ಯೂಯಾರ್ಕ್ ಷೇರುಪೇಟೆಯ ವಹಿವಾಟು ಶುರುವಾಯಿತು. ಅದರ ಬೆನ್ನಲ್ಲೇ ನೈಟ್ ಕ್ಯಾಪಿಟಲ್ ಎಂಬ ಬ್ರೋಕರ್ ಸಂಸ್ಥೆಯ ಕಂಪ್ಯೂಟರ್‌ಗಳು ಅಂಕೆ ತಪ್ಪಿದವು. ಗ್ರಾಹಕರಿಂದ ಬಂದಿದ್ದು ಬರೀ 212 ಆರ್ಡರ್‌ಗಳು. ಅವನ್ನು ಪೂರೈಸಲು ಹೋಗಿ ಮುಕ್ಕಾಲು ಗಂಟೆಯಲ್ಲಿ ಆ ಕಂಪ್ಯೂಟರ್‌ಗಳು ಮಾರುಕಟ್ಟೆಗೆ ಕಳಿಸಿದ್ದು 40 ಲಕ್ಷಕ್ಕೂ ಹೆಚ್ಚು ಆರ್ಡರ್! ನಷ್ಟ 46 ಕೋಟಿ ಡಾಲರ್ ದಾಟಿತು.

ಕಾರಣ ಹುಡುಕಿದಾಗ ಸಿಕ್ಕಿದ್ದು ತೀರಾ ಸಣ್ಣ ಸಂಗತಿ. ಹೊಸ ಸಾಫ್ಟ್‌ವೇರ್ ಅನ್ನು ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು. ತಂತ್ರಜ್ಞ ಏಳಕ್ಕೆ ಹಾಕಿದ್ದ. ಉಳಿದ ಒಂದರಲ್ಲಿ ವರ್ಷಗಳ ಹಿಂದೆಯೇ ಬಳಕೆ ತಪ್ಪಿದ್ದ ಹಳೇ ಕೋಡ್ ಹಾಗೇ ಇತ್ತು; ಹಿಂದೆ ಅದನ್ನು ಚಾಲೂ ಮಾಡುತ್ತಿದ್ದ ಸಂಕೇತವನ್ನೇ ಹೊಸ ಸಾಫ್ಟ್‌ವೇರ್ ಮರುಬಳಸಿದ್ದರಿಂದ ಅದು ಜೀವ ತಳೆಯಿತು. ಗಾಬರಿಯಲ್ಲಿ ಸಿಬ್ಬಂದಿ ಸರಿಯಾಗಿದ್ದ ಏಳು ಸರ್ವರ್‌ಗಳಿಂದಲೂ ಹೊಸ ಕೋಡ್ ತೆಗೆದುಹಾಕಿದರು. ಆಗ ಅಲ್ಲಿಯೂ ಹಳೇ ಕೋಡ್ ಓಡತೊಡಗಿ ಅನಾಹುತ ಹೆಚ್ಚಿತು. ಇಂಥ ಕೆಲಸವನ್ನು ಇನ್ನೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮವೇ ಸಂಸ್ಥೆಯಲ್ಲಿ ಇರಲಿಲ್ಲ ಎಂದು ಅಮೆರಿಕದ ಷೇರು ನಿಯಂತ್ರಣ ಆಯೋಗ ಹೇಳಿತು. 2013ರಲ್ಲಿ 1.2 ಕೋಟಿ ಡಾಲರ್ ದಂಡವನ್ನೂ ಹಾಕಿತು.

ತಪ್ಪನ್ನು ಆ ಒಬ್ಬ ತಂತ್ರಜ್ಞನ ತಲೆಗೆ ಕಟ್ಟುವುದು ಸುಲಭ. ಆದರೆ ಒಂದೇ ಕೆಲಸವನ್ನು ಎಂಟು ಬಾರಿ ಕೈಯಾರೆ ಮಾಡುವಾಗ ಒಮ್ಮೆ ತಪ್ಪುವುದು ಮನುಷ್ಯ ಸಹಜ.

ಅಪ್ಲಿಕೇಶನ್ ಸರ್ವರ್ ಸ್ಥಾಪನೆಯನ್ನೇ ನೋಡಿ. ಬ್ಯಾಂಕ್ ಖಾತೆ ತೆರೆದು ನೋಡುವಾಗ, ಟಿಕೆಟ್ ಕಾಯ್ದಿರಿಸುವಾಗ ತೆರೆಯ ಹಿಂದೆ ಲೆಕ್ಕಾಚಾರ ನಡೆಸುವ ಪ್ರೋಗ್ರಾಂಗಳಿಗೆ ಆಸರೆಯಾಗಿರುವುದು ಈ ಸರ್ವರ್. ಟಾಮ್‌ಕ್ಯಾಟ್, ವೈಲ್ಡ್‌ಫ್ಲೈ ಈ ಜಾತಿಯವು. ಟಾಮ್‌ಕ್ಯಾಟ್ 10.1 ಹಾಕಬೇಕಾದರೆ ಮೊದಲು ಜಾವಾ 11 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು. ಯಂತ್ರದ ಪೂರ್ಣಾಧಿಕಾರವಿಲ್ಲದ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಬೇಕು. ಮೆಮೊರಿ ಮಿತಿ, 8080ನೇ ಪೋರ್ಟ್, ಡೇಟಾಬೇಸಿನ ವಿಳಾಸ, ಪಾಸ್‌ವರ್ಡ್ ಎಲ್ಲವನ್ನೂ ಹೊಂದಿಸಬೇಕು. ಯಂತ್ರ ಆನ್ ಆದೊಡನೆ ಸರ್ವರ್ ತಾನಾಗಿ ಏಳುವಂತೆ ಮಾಡಬೇಕು. ಒಂದು ಯಂತ್ರಕ್ಕಾದರೆ ಚಿಂತೆಯಿಲ್ಲ. ನಲವತ್ತು ಯಂತ್ರಗಳಿದ್ದು, ಒಂದರಲ್ಲಿ ಮೆಮೊರಿಯ ಸಾಲು ಬಿಟ್ಟುಹೋದರೆ? ಅದು ಗೊತ್ತಾಗುವುದು ಜನ ಮುಗಿಬಿದ್ದ ದಿನವೇ.

ಈ ಕಷ್ಟಕ್ಕೆ ಪರಿಹಾರ ಹುಡುಕಿದವರಲ್ಲಿ ಮೊದಲಿಗರು ಮಾರ್ಕ್ ಬರ್ಜೆಸ್. ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದಲ್ಲಿದ್ದ ಅವರು 1993ರಲ್ಲಿ ಯಂತ್ರಗಳನ್ನು ತಾನಾಗಿ ಹೊಂದಿಸುವ ಸಾಫ್ಟ್‌ವೇರ್ ಆದ ಸಿಎಫ್‌ಎಂಜಿನ್ ರೂಪಿಸಿದರು. ಮುಂದೆ ಇದೇ ಬಗೆಯ ಉಪಕರಣಗಳಾಗಿ 2005ರಲ್ಲಿ ಪಪೆಟ್, 2009ರಲ್ಲಿ ಶೆಫ್, 2012ರಲ್ಲಿ ಆನ್ಸಿಬಲ್ ಬಂದವು. ಪಪೆಟ್‌ನಲ್ಲಿ ಪ್ರತಿ ಯಂತ್ರದಲ್ಲೂ ಒಂದು ಪುಟ್ಟ ಏಜೆಂಟ್ ಇದ್ದು, ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ ತಪಾಸಣೆ ನಡೆಸುತ್ತದೆ. ಯಾರಾದರೂ ನಡುವೆ ಲಾಗಿನ್ ಆಗಿ ಅದರ ಸುಪರ್ದಿಯಲ್ಲಿರುವ ಸೆಟ್ಟಿಂಗ್ ಬದಲಿಸಿದ್ದರೆ ಮೊದಲಿನಂತೆ ಮಾಡಿಬಿಡುತ್ತದೆ. ಆನ್ಸಿಬಲ್‌ಗೆ ಏಜೆಂಟ್ ಬೇಡ. ಲಿನಕ್ಸ್ ಯಂತ್ರಗಳಿಗೆ ದೂರದಿಂದಲೇ ಸುರಕ್ಷಿತ ಸಂಪರ್ಕ ಕೊಡುವ ಎಸ್‌ಎಸ್‌ಎಚ್ ಮೂಲಕ ಹೋಗಿ ಕೆಲಸ ಮುಗಿಸಿ ಬರುತ್ತದೆ.

ಇವೆಲ್ಲಕ್ಕೂ ಬೇಕಾಗಿರುವುದು ಯಂತ್ರ ಕೊನೆಗೆ ಹೇಗಿರಬೇಕು ಎಂಬ ವಿವರ. ‘ಜಾವಾ 17 ಇರಬೇಕು, ಟಾಮ್‌ಕ್ಯಾಟ್ ಹೆಸರಿನ ಬಳಕೆದಾರ ಇರಬೇಕು, ಸೇವೆ ಚಾಲನೆಯಲ್ಲಿರಬೇಕು’ ಎಂದು ಬರೆದಿಟ್ಟರೆ, ಉಪಕರಣ ಮೊದಲು ಇರುವುದನ್ನು ನೋಡುತ್ತದೆ, ಇಲ್ಲದ್ದನ್ನು ಮಾತ್ರ ಮಾಡುತ್ತದೆ. ಅಜಾಗರೂಕತೆಯಿಂದ ಬರೆದ ಸ್ಕ್ರಿಪ್ಟನ್ನು ಮೂರು ಸಲ ಓಡಿಸಿದರೆ ಒಂದೇ ಸಾಲು ಮೂರು ಸಲ ಸೇರಿಕೊಂಡೀತು. ಇಲ್ಲಿ ಹಾಗಲ್ಲ. ಆನ್ಸಿಬಲ್‌ನ ಪ್ಲೇಬುಕ್, ಅಂದರೆ ಇಂಥ ವಿವರ ಬರೆದಿಟ್ಟ ಕಡತ, ಮೊದಲ ಸಲ ಓಡುವಾಗ ಪರದೆಯ ತುಂಬ ಹಳದಿ ಬಣ್ಣದ ‘ಚೇಂಜ್ಡ್’ ಕಾಣುತ್ತದೆ. ಚೆನ್ನಾಗಿ ಬರೆದ ಪ್ಲೇಬುಕ್ ಎರಡನೇ ಸಲ ಓಡಿದಾಗ ಬರೀ ಹಸಿರು ‘ಓಕೆ’. ಕೊನೆಯ ಸಾಲಿನಲ್ಲಿ ಬದಲಾವಣೆ ಸೊನ್ನೆ. ಕೆಲಸ ಶುರುವಾಗುವುದೇ ಯಂತ್ರಗಳ ಪಟ್ಟಿಯಿಂದ. ಪಟ್ಟಿಯಲ್ಲಿರುವ ಯಂತ್ರವೊಂದು ಸಂಪರ್ಕಕ್ಕೆ ಸಿಗದಿದ್ದರೆ ಅದರ ಹೆಸರೂ ವರದಿಯಲ್ಲಿ ಬರುತ್ತದೆ.

ಸರ್ವರಿನಿಂದ ಸರ್ವರಿಗೆ ಬದಲಾಗುವ ಮೆಮೊರಿ, ಪೋರ್ಟ್‌ಗಳ ಜಾಗವನ್ನು ಸೆಟ್ಟಿಂಗ್ ಕಡತದ ಮಾದರಿಯಾದ ಟೆಂಪ್ಲೇಟ್‌ನಲ್ಲಿ ಖಾಲಿ ಬಿಡುತ್ತಾರೆ. ಆಯಾ ಯಂತ್ರದ ಅಂಕಿ ಅಲ್ಲಿ ತುಂಬಿಕೊಳ್ಳುತ್ತದೆ. ಸೆಟ್ಟಿಂಗ್ ಬದಲಾದರೆ ಮಾತ್ರ ಟಾಮ್‌ಕ್ಯಾಟ್ ರೀಸ್ಟಾರ್ಟ್ ಆಗುವಂತೆ ಹೇಳಬಹುದು. ಪಾಸ್‌ವರ್ಡ್‌ಗಳನ್ನು ಗೂಢಲಿಪೀಕರಿಸಿ ಇಡುತ್ತಾರೆ. ಇಡೀ ಬರಹ ಬದಲಾವಣೆಗಳ ಜಾಡು ಇಡುವ ಗಿಟ್‌ನಲ್ಲಿ ಇದ್ದರೆ ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಎಂಬ ದಾಖಲೆ ಉಳಿಯುತ್ತದೆ.

ಇಷ್ಟು ಶಕ್ತಿಯಿರುವ ಕಡೆ ಅಪಾಯವೂ ಇದೆ. ಕೈತಪ್ಪಿ ಬರೆದ ಒಂದು ಸಾಲು ಕೆಲವೇ ಕ್ಷಣಗಳಲ್ಲಿ ನಲವತ್ತೂ ಯಂತ್ರಗಳಿಗೆ ಹಬ್ಬಬಲ್ಲದು. ಅದಕ್ಕೇ ಅನುಭವಿಗಳು ಮೊದಲು ‘ಚೆಕ್’ ವಿಧಾನದಲ್ಲಿ ಓಡಿಸುತ್ತಾರೆ. ಏನು ಬದಲಾಗಲಿದೆ ಎಂದು ಅದು ತೋರಿಸುತ್ತದೆ, ಯಾವುದನ್ನೂ ಮುಟ್ಟುವುದಿಲ್ಲ. ಬಳಿಕ ಪರೀಕ್ಷಾ ಯಂತ್ರದ ಸರದಿ. ಆಮೇಲೆ ಒಮ್ಮೆಗೆ ಎರಡೆರಡೇ ಸರ್ವರ್. ಉಳಿದವು ಗ್ರಾಹಕರ ಸೇವೆಯಲ್ಲೇ ಇರುತ್ತವೆ. ಎರಡೂ ಕೈಕೊಟ್ಟರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

2013ರಲ್ಲಿ ಡಾಕರ್ ಬಂದ ಮೇಲೆ ಜಾವಾ, ಟಾಮ್‌ಕ್ಯಾಟ್, ಪ್ರೋಗ್ರಾಂ ಎಲ್ಲವನ್ನೂ ಒಂದೇ ಕಂಟೇನರ್‌ನಲ್ಲಿ ಕಟ್ಟಿ ಕಳಿಸುವ ಪದ್ಧತಿ ಬೆಳೆದಿದೆ. ಹಾಗಿದ್ದೂ ಕಂಟೇನರ್ ಹೊರುವ ಯಂತ್ರಗಳನ್ನು ಯಾರಾದರೂ ಸಿದ್ಧಪಡಿಸಲೇಬೇಕು.

ನಾಲ್ಕೈದು ಸರ್ವರ್ ಇರುವ ಸಣ್ಣ ಸಂಸ್ಥೆಯೂ ಸರ್ವರ್ ಸ್ಥಾಪನೆಯನ್ನು ಹೀಗೆ ಬರೆದಿಡುವುದನ್ನು ಇಂದೇ ಆರಂಭಿಸಬಹುದು. ಜಾವಾ ಮತ್ತು ಬಳಕೆದಾರ, ಇವೆರಡನ್ನಷ್ಟೇ ಮೊದಲು ಬರೆದು ಪರೀಕ್ಷಾ ಯಂತ್ರದಲ್ಲಿ ಓಡಿಸಲಿ. ಒಂದೊಂದೇ ಹೆಜ್ಜೆ ಸೇರಿಸುತ್ತಾ ಟಾಮ್‌ಕ್ಯಾಟ್ ಏಳುವವರೆಗೆ ಬರಲಿ. ನಂತರ ಆ ಯಂತ್ರವನ್ನು ಪೂರ್ತಿ ಅಳಿಸಿ, ಅದೇ ಕಡತದಿಂದ ಮತ್ತೆ ಕಟ್ಟಿ ನೋಡಲಿ. ಅದು ತಡವರಿಸಿದ ಕಡೆ, ಕೈಯಾರೆ ಮಾಡಿ ಬರೆಯಲು ಬಿಟ್ಟ ಹೆಜ್ಜೆಯೊಂದು ಬಹುಮಟ್ಟಿಗೆ ಇದ್ದೇ ಇರುತ್ತದೆ. ಅದನ್ನೂ ಸೇರಿಸಿದ ಬಳಿಕ ಮುಂದಿನ ಸರ್ವರ್‌ಗೆ ಹೋಗಬಹುದು.