ಹೊಗೆಗೆ ಕಡಿವಾಣ ಹಾಕುವ ಮುನ್ನ ಒಂದು ಲೆಕ್ಕ

ಹಳೆಯ ಲಾರಿಗಳನ್ನು ನಿಲ್ಲಿಸಿದರೆ ಬೆಂಗಳೂರಿನ ಗಾಳಿ ಎಷ್ಟು ತಿಳಿಯಾದೀತು? ಡೀಸೆಲ್ ಜನರೇಟರ್‌ಗಳನ್ನು ಬಂದ್ ಮಾಡಿದರೆ? ಒಂದೊಂದನ್ನೂ ಬೀದಿಯಲ್ಲೇ ಮಾಡಿ ನೋಡಲು ಯಾವ ಸರ್ಕಾರಕ್ಕೂ ಆಗದು. ಹಾಗಾಗಿ ವಿಜ್ಞಾನಿಗಳು ಕಂಪ್ಯೂಟರಿನಲ್ಲೇ ಊರಿನ ಮಾದರಿ ಕಟ್ಟಿ, ಅಲ್ಲಿ ಲಾರಿ ನಿಲ್ಲಿಸಿ ನೋಡುತ್ತಾರೆ.

ಮೊದಲ ಕೆಲಸ ಹೊಗೆಯ ಜಮಾಖರ್ಚು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಆರು ನಗರಗಳಲ್ಲಿ ಈ ಅಧ್ಯಯನ ಮಾಡಿಸಿತು. ಬೆಂಗಳೂರಿನ ಪಾಲು ಟೆರಿ ಸಂಸ್ಥೆಯದು. 2010ರ ವರದಿಯ ಪ್ರಕಾರ ನಗರದಲ್ಲಿ ದಿನಕ್ಕೆ ಸುಮಾರು 54 ಟನ್ ಪಿಎಂ10 ಎಂಬ ಸೂಕ್ಷ್ಮ ಕಣಗಳು ಗಾಳಿಗೆ ಸೇರುತ್ತಿದ್ದವು. ಅದರಲ್ಲಿ ವಾಹನಗಳದು ಶೇ. 42, ರಸ್ತೆ ದೂಳಿನದು ಶೇ. 20, ಕಟ್ಟಡ ಕಾಮಗಾರಿ ಮತ್ತು ಕೈಗಾರಿಕೆಗಳದು ತಲಾ ಶೇ. 14, ಜನರೇಟರ್‌ಗಳದು ಶೇ. 7.

ವಾಹನದ ಹೊಗೆ ಅರ್ಧಕ್ಕಿಳಿದರೆ ಒಟ್ಟು ಹೊರಸೂಸುವಿಕೆ ಶೇ. 21ರಷ್ಟು ತಗ್ಗುತ್ತದೆ, ಸರಿ. ಆದರೆ ಉಸಿರಾಡುವ ಗಾಳಿಯೂ ಅಷ್ಟೇ ತಿಳಿಯಾಗುತ್ತದೆಂದು ಹೇಳಲಾಗದು. ಹೊರಗಿನಿಂದ ಬೀಸಿ ಬರುವ ದೂಳು ಇದೆ. ಚಳಿಗಾಲದ ಬೆಳಗ್ಗೆ ಮೇಲಿನ ಬೆಚ್ಚನೆಯ ಗಾಳಿ ಪಾತ್ರೆಯ ಮುಚ್ಚಳದಂತೆ ಕೂತು ಹೊಗೆಯನ್ನು ನೆಲದ ಬಳಿಯೇ ಹಿಡಿದಿಡುತ್ತದೆ. ಗಾಳಿಯ ವೇಗ, ದಿಕ್ಕು, ತೇವಾಂಶ, ರಸಾಯನ ಕ್ರಿಯೆ ಎಲ್ಲವನ್ನೂ ಸಮೀಕರಣಗಳಲ್ಲಿ ತುಂಬಬೇಕು. ಬಂದ ಉತ್ತರವನ್ನು ಮಾಪನ ಕೇಂದ್ರಗಳ ಅಂಕಿಗಳ ಪಕ್ಕ ಇಟ್ಟು ನೋಡಬೇಕು. ತಾಳೆಯಾದರಷ್ಟೇ ಮುಂದಿನ ಮಾತು.

ರಸಾಯನ ಕ್ರಿಯೆಯಂತೂ ಎಣಿಕೆ ತಪ್ಪಿಸುವುದರಲ್ಲಿ ಪಳಗಿದ್ದು. 2020ರ ಲಾಕ್‌ಡೌನ್‌ನಲ್ಲಿ ವಾಹನಗಳು ನಿಂತು ನೈಟ್ರೋಜನ್ ಡೈಆಕ್ಸೈಡ್ ಕುಸಿದರೂ, ಜಗತ್ತಿನ ಹಲವು ನಗರಗಳಲ್ಲಿ ನೆಲಮಟ್ಟದ ಓಝೋನ್ ಏರಿತು. ಓಝೋನನ್ನು ತಿಂದುಹಾಕುತ್ತಿದ್ದ ನೈಟ್ರಿಕ್ ಆಕ್ಸೈಡ್ ಕಡಿಮೆಯಾದದ್ದು ಇದಕ್ಕೊಂದು ಕಾರಣ. ಒಂದನ್ನು ಇಳಿಸಿದಾಗ ಇನ್ನೊಂದು ಏರುವ ಈ ಆಟ ಬರಿಗಣ್ಣಿಗೆ ಕಾಣದು.

ಅದೇ ವರ್ಷ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾಗಿ, ಇಂಧನದಲ್ಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಲಾಕ್‌ಡೌನ್ ಮತ್ತು ಹೊಸ ನಿಯಮ ಒಟ್ಟಿಗೇ ಬಂದಾಗ ಯಾವುದರ ಪಾಲೆಷ್ಟು ಎಂದು ಬಿಡಿಸಲು ಮಾದರಿಯೇ ಬೇಕು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ, ಗಾಳಿ ಕೆಟ್ಟ ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ಹಾಸನ ಇಲ್ಲ. ಆದರೆ ಬೆಂಗಳೂರು-ಮಂಗಳೂರು ನಡುವಿನ ಎಷ್ಟೋ ಲಾರಿಗಳು ಚನ್ನರಾಯಪಟ್ಟಣ, ಹಾಸನಗಳನ್ನು ಹಾದೇ ಓಡಾಡುತ್ತವೆ. ಕೊರವಂಗಲದಂಥ ಅಕ್ಕಪಕ್ಕದ ಹಳ್ಳಿಗಳಿಗೂ ಪೇಟೆಯ ಗಾಳಿ ಬೀಸದೆ ಇರದು. ಪಟ್ಟಿಗೆ ಸೇರುವಷ್ಟು ಕೆಡುವವರೆಗೆ ಕಾಯದೆ, ಹಾಸನದ ಹೊಗೆಯ ಲೆಕ್ಕವನ್ನು ಜಿಲ್ಲಾಡಳಿತ ಈಗಲೇ ಬರೆದಿಡಲಿ.