ಸಹಿ ಮಾತ್ರ ಉಳಿದ ಪುಟ

ಪ್ರಿಂಟರ್ ತುಂಬ ಎ4 ಹಾಳೆ ಇದೆ. ಆದರೂ ಪ್ರಿಂಟ್ ಕೊಟ್ಟರೆ ಅದು ಕದಲೋದಿಲ್ಲ. ಲೆಟರ್ ಸೈಜ್ ಹಾಳೆ ಹಾಕಿ ಅಂತ ದೀಪ ಮಿನುಗಿಸ್ತಾ ಕೂತಿರುತ್ತೆ. ನೀವೂ ಇದನ್ನು ಅನುಭವಿಸಿರಬಹುದು. ತಪ್ಪು ಪ್ರಿಂಟರ್‌ದಲ್ಲ, ವರ್ಡ್ ಕಡತದ್ದು. ಅಮೆರಿಕದವರು ಬಳಸೋದು ಎಂಟೂವರೆ ಇಂಚು ಅಗಲ, 11 ಇಂಚು ಉದ್ದದ ಲೆಟರ್ ಹಾಳೆ. ನಾವು ಬಳಸೋದು 210 ಮಿ.ಮೀ. ಅಗಲ, 297 ಮಿ.ಮೀ. ಉದ್ದದ ಎ4. ಜರ್ಮನಿಯಲ್ಲಿ 1922ರಲ್ಲಿ ನಿಗದಿಯಾದ ಅಳತೆ ಇದು. ಇವೆರಡರ ಜೊತೆಗೆ ನಮ್ಮ ಕೋರ್ಟು ಕಚೇರಿಗಳಿಗೆ ಚೆನ್ನಾಗಿ ಪರಿಚಯವಿರುವ ಇನ್ನೊಂದಿದೆ: 14 ಇಂಚು ಉದ್ದದ ಲೀಗಲ್.

ನಮ್ಮ ಸೋದರಮಾವನದು ಹಾಸನದಲ್ಲಿ ಟೈಪಿಂಗ್ ಅಂಗಡಿ. ಬಾಡಿಗೆ ಕರಾರು, ಅಫಿಡವಿಟ್, ವಿಭಾಗ ಪತ್ರ ಅಂತ ಇಪ್ಪತ್ತು ವರ್ಷದಿಂದ ಕೂಡಿಟ್ಟ ಮಾದರಿ ಕಡತಗಳು 412. ಎಲ್ಲವೂ ಲೀಗಲ್ ಸೈಜಿನವು. ಸುಪ್ರೀಂ ಕೋರ್ಟ್ 2020ರ ಏಪ್ರಿಲ್‌ನಿಂದ ತನಗೆ ಸಲ್ಲಿಸುವ ಕಾಗದಪತ್ರ ಎ4ನಲ್ಲೇ ಇರಬೇಕು ಎಂದಿತು. ಆಮೇಲೆ ಮಾವನ ಅಂಗಡಿಗೆ ಬರುವವರೂ ಒಬ್ಬೊಬ್ಬರಾಗಿ ಎ4 ಕೇಳತೊಡಗಿದರು. "ನೀನು ಕಂಪ್ಯೂಟರ್ ಓದಿದವಳಲ್ವೇನೇ, ಎಲ್ಲಾ ಒಂದೇ ಸಲಕ್ಕೆ ಮಾಡಿಕೊಡು" ಅಂದ್ರು ಮಾವ.

ಒಂದೇ ಸಲಕ್ಕೆ ಮಾಡಬಹುದು, ನಿಜ. ಡಾಕ್ಸ್ ಕಡತ ಅಂದರೆ ಹಲವು ಚೀಟಿಗಳನ್ನು ಒಳಗಿಟ್ಟು ಕಟ್ಟಿದ ಜಿಪ್ ಗಂಟು. ಪುಟದ ಅಳತೆ ಅದರೊಳಗೆ ಒಂದೇ ಸಾಲಿನಲ್ಲಿ ಇರುತ್ತೆ, ಅದೂ ಒಂದು ಇಂಚನ್ನು 1440 ಭಾಗ ಮಾಡಿದ ಲೆಕ್ಕದಲ್ಲಿ. ಹಾಗಾಗಿ ಎ4 ಅಲ್ಲಿ 11906 ಮತ್ತು 16838 ಅಂತ ಕಾಣಿಸುತ್ತೆ. ಪೈಥಾನ್ ಭಾಷೆಗೆ ಪೈಥಾನ್-ಡಾಕ್ಸ್ ಅನ್ನೋ ಉಚಿತ ಸಲಕರಣೆ ಇದೆ. ಅದರಲ್ಲಿ ಅಗಲ 210, ಉದ್ದ 297 ಮಿ.ಮೀ. ಎಂದು ಬರೆದು ಎಲ್ಲ ಕಡತಗಳ ಮೇಲೂ ಓಡಿಸಿದರೆ ಚಹಾ ಆರುವ ಮೊದಲೇ ಕೆಲಸ ಮುಗಿದಿರುತ್ತೆ. (ತೀರಾ ಹಳೆಯ ಡಾಕ್ ಕಡತಗಳನ್ನು ಇದು ತೆರೆಯೋದಿಲ್ಲ. ಮೊದಲು ಲಿಬ್ರೆಆಫೀಸ್‌ನಲ್ಲಿ ಡಾಕ್ಸ್ ಮಾಡಿಕೊಳ್ಳಬೇಕು.)

ಆದರೆ ಅಳತೆ ಬದಲಾದರೆ ಬರಹ ಇದ್ದಲ್ಲೇ ಇರೋದಿಲ್ಲ. ಲೀಗಲ್‌ಗಿಂತ ಎ4 ಸುಮಾರು ಆರು ಸೆಂ.ಮೀ. ಗಿಡ್ಡ. ಪ್ರತಿ ಪುಟದಿಂದ ಆರೇಳು ಸಾಲು ಕೆಳಗೆ ಜಾರುತ್ತೆ. ಎರಡು ಪುಟದ ಕರಾರು ಮೂರಾಗುತ್ತೆ, ಆ ಮೂರನೆಯದರಲ್ಲಿ "ಸಾಕ್ಷಿಗಳು" ಅನ್ನೋ ಪದ, ನಾಲ್ಕು ಗೆರೆ, ಅಷ್ಟೆ.

ಇದು ಬರೀ ಅಂದದ ವಿಷಯವಲ್ಲ. ಷರತ್ತು ಒಂದೂ ಇಲ್ಲದ, ಸಹಿ ಮಾತ್ರ ಇರುವ ಹಾಳೆಯನ್ನು ಪಿನ್ನು ಕಿತ್ತು ಬೇರೆ ಯಾವುದೋ ಪತ್ರದ ಹಿಂದೆ ಸೇರಿಸಬಹುದು. ಬಾಡಿಗೆ 8,000 ಅಂತ ಒಪ್ಪಿದವರ ಸಹಿ ಇನ್ನೆಂಥದ್ದೋ ಕರಾರಿನ ಕೊನೆಯಲ್ಲಿ ಕಾಣಿಸಿಕೊಳ್ಳಬಹುದು. ಅದಕ್ಕೇ ಮಾವ ಮೊದಲೇ ಹೇಳಿಬಿಟ್ಟಿದ್ದರು: "ಕೊನೇ ಪುಟದಲ್ಲಿ ನಾಲ್ಕು ಸಾಲಾದ್ರೂ ವಿಷಯ ಇರ್ಬೇಕು. ಇಲ್ದಿದ್ರೆ ನಮ್ಮ ಅಂಗಡಿಯಿಂದ ಹೊರಗೆ ಹೋಗಲ್ಲ." ಇಂಜಿನಿಯರಿಂಗ್‌ನ ನಾಲ್ಕು ವರ್ಷದಲ್ಲಿ ಯಾರೂ ನನಗೆ ಇದನ್ನು ಕಲಿಸಿರಲಿಲ್ಲ.

ಹಾಗಾಗಿ ಅಳತೆ ಬದಲಿಸುವುದಕ್ಕಿಂತ ಪರೀಕ್ಷಿಸುವ ಭಾಗವೇ ದೊಡ್ಡದಾಯಿತು. ಕೊನೆಯ ಷರತ್ತು ಮತ್ತು ಸಹಿಯ ಸಾಲುಗಳಿಗೆ ವರ್ಡ್‌ನ 'ಕೀಪ್ ವಿತ್ ನೆಕ್ಸ್ಟ್' ಗುರುತು ಹಾಕಿಸಿದೆ. ಹಾಕಿದರೆ ಆ ಸಾಲುಗಳು ಕೈ ಹಿಡಿದುಕೊಂಡೇ ಮುಂದಿನ ಪುಟಕ್ಕೆ ಹೋಗುತ್ತವೆ. ನಂತರ ಪ್ರತಿ ಕಡತವನ್ನೂ ಪಿಡಿಎಫ್ ಮಾಡಿ ಕೊನೆಯ ಪುಟದ ಸಾಲು ಎಣಿಸಿ, ಅನುಮಾನ ಬಂದವನ್ನು ಪಟ್ಟಿ ಮಾಡಿಸಿದೆ. ಹಳೆಯ ನುಡಿ ಫಾಂಟಿನ ಬರಹ ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತೆ. ಸಾಲು ಎಣಿಸಲು ಅದೇನೂ ಅಡ್ಡಿಯಲ್ಲ. ಆದರೆ ಪಿಡಿಎಫ್ ಮಾಡುವ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇರಲೇಬೇಕು. ಇಲ್ಲವಾದರೆ ಬೇರೆ ಫಾಂಟ್ ಬಂದು ಕೂತು ಎಣಿಕೆಯೇ ಸುಳ್ಳಾಗುತ್ತೆ. ಈ ಕೆಲಸವನ್ನು ನನ್ನ ಲ್ಯಾಪ್‌ಟಾಪ್ ಬಿಟ್ಟು ಮಾವನ ಕಂಪ್ಯೂಟರಿನಲ್ಲೇ ಮಾಡಿದ್ದು ಅದಕ್ಕೇ.

ಅಂಚುಗಳನ್ನಂತೂ ಒಟ್ಟಾರೆ ಬದಲಿಸಲಿಲ್ಲ. ಬಾಡಿಗೆ ಕರಾರಿನ ಮೊದಲ ಪುಟದಲ್ಲಿ ಮೇಲುಭಾಗ ಖಾಲಿ ಇರುತ್ತಲ್ಲ, ಅದು ಇ-ಸ್ಟಾಂಪ್‌ಗೆ ಬಿಟ್ಟ ಜಾಗ. ಎಲ್ಲಾ ಕಡೆ ಒಂದೇ ಅಂಚು ಅಂದರೆ ಅಕ್ಷರ ಸ್ಟಾಂಪಿನ ಮೇಲೆ ಹತ್ತಿ ಕೂರುತ್ತೆ. ಆಸ್ತಿ ಪಟ್ಟಿ ಇರುವ ಅಡ್ಡ ಪುಟಗಳೂ ಹಾಗೇ. ಅಲ್ಲಿ ಅಗಲ 297, ಉದ್ದ 210 ಆಗಬೇಕು. ಸಲಕರಣೆ ತಾನಾಗಿ ತಿರುಗಿಸಿಕೊಳ್ಳೋದಿಲ್ಲ.

ಕೊನೆಗೆ ಪಟ್ಟಿಯಲ್ಲಿ ಉಳಿದದ್ದು 31. ಹೆಚ್ಚಿನವು ವಿಭಾಗ ಪತ್ರಗಳು. ಅವುಗಳಲ್ಲಿ ಸಹಿ ಒಂದು ಕೋಷ್ಟಕದೊಳಗೆ ಇತ್ತು. ಮಾವ ಕನ್ನಡಕ ಏರಿಸಿಕೊಂಡು ಎರಡು ಸಂಜೆ ಕೂತು ಒಂದೊಂದನ್ನೇ ಓದಿ ಸರಿಮಾಡಿದರು. ಹಾಗೇ ಮೂರು ಕಡೆ ಹಳೆಯ ಕಕ್ಷಿದಾರರ ಹೆಸರು ಮಾದರಿಯಲ್ಲೇ ಉಳಿದಿದ್ದನ್ನೂ ಹಿಡಿದರು. ಅದು ನನ್ನ ಪ್ರೋಗ್ರಾಂ ಕಣ್ಣಿಗೆ ಬಿದ್ದಿರಲೇ ಇಲ್ಲ.

ನಿಮ್ಮ ಬಳಿ ಇರುವುದು ಒಂದೋ ಎರಡೋ ಕಡತವಾದರೆ ಪೈಥಾನ್ ಬೇಕಾಗಿಲ್ಲ. ಮೊದಲು ಒಂದು ಪ್ರತಿ ತೆಗೆದಿಡಿ. ವರ್ಡ್‌ನ ಲೇಔಟ್‌ನಲ್ಲಿ ಸೈಜ್, ಅದರ ಕೊನೆಯಲ್ಲಿ 'ಮೋರ್ ಪೇಪರ್ ಸೈಜಸ್' ಒತ್ತಿ ಎ4 ಆರಿಸಿ. ಅಡ್ಡ ಪುಟ ಇಲ್ಲದಿದ್ದರೆ ಕೆಳಗೆ 'ಹೋಲ್ ಡಾಕ್ಯುಮೆಂಟ್' ಎಂದಿಡಿ. ಆಮೇಲೆ ನೇರ ಕೊನೆಯ ಪುಟಕ್ಕೆ ಹೋಗಿ, ಸಹಿಯ ಮೇಲೆ ಏನಿದೆ ನೋಡಿ.